2147483647: ಹತ್ತಂಕಿಯ ಈ ಅವಿಭಾಜ್ಯ ಸಂಖ್ಯೆಯನ್ನು ಮನೆಯಲ್ಲೇ ಪರೀಕ್ಷಿಸುವುದು ಹೇಗೆ

ಅಂಗಡಿಗಳಲ್ಲಿ ಇಟ್ಟುಕೊಂಡಿರುತ್ತಾರಲ್ಲ, ಹನ್ನೆರಡು ಅಂಕಿಯ ದಪ್ಪ ಗುಂಡಿಯ ಕ್ಯಾಲ್ಕುಲೇಟರ್, ಅದು ಮನೆಯಲ್ಲಿದ್ದರೆ ತೆಗೆದುಕೊಳ್ಳಿ. 2 × 2 ಒತ್ತಿ. ಆಮೇಲೆ = ಗುಂಡಿಯನ್ನು ಸುಮ್ನೆ ಒತ್ತುತ್ತಾ ಹೋಗಿ. 4, 8, 16, 32 ಅಂತ ಬಹಳಷ್ಟು ಕ್ಯಾಲ್ಕುಲೇಟರ್‌ಗಳು ತಾವೇ ದುಪ್ಪಟ್ಟು ಮಾಡುತ್ತಾ ಹೋಗುತ್ತವೆ. ಮೂವತ್ತು ಸಲ ಒತ್ತಿದರೆ 2147483648 ಬರುತ್ತದೆ. ಅದರಲ್ಲಿ ಒಂದು ಕಳೆಯಿರಿ.

ಬಂದದ್ದು 2147483647. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಇದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. 1772ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಸಾಧಿಸಿ ಬರ್ನೂಲಿ ಅನ್ನುವ ಇನ್ನೊಬ್ಬ ಗಣಿತಜ್ಞನಿಗೆ ಪತ್ರ ಬರೆದ. ಆಗ ಆಯ್ಲರ್‌ಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕ ಬೇಜಾರಾದಾಗ ಉಪಯೋಗಕ್ಕೆ ಬರುತ್ತದೆ.

ದೊಡ್ಡ ಅವಿಭಾಜ್ಯ ಸಂಖ್ಯೆ ಅಂದ ಕೂಡಲೇ ಸೂಪರ್ ಕಂಪ್ಯೂಟರ್ ಬೇಕು ಅಂತ ನಾವು ದೂರ ನಿಂತುಬಿಡುತ್ತೇವೆ. ಆದರೆ ಈ ಸಂಖ್ಯೆಯ ಬಗ್ಗೆ ತಿಳಿಯಬೇಕಾದ ಹೆಚ್ಚಿನದು ಅದರ ಹತ್ತು ಅಂಕಿಗಳಲ್ಲಿ ಇಲ್ಲ, 31ರಲ್ಲಿದೆ. 2³¹ − 1 ಅನ್ನುವ ಆ ಆಕಾರವನ್ನೇ ಹಿಡಿದುಕೊಂಡರೆ ಪೆನ್ನು, ಹಾಳೆ, ಆ ಕ್ಯಾಲ್ಕುಲೇಟರ್ ಇಷ್ಟರಲ್ಲೇ ಬಹಳ ದೂರ ಹೋಗಬಹುದು. ಕೊನೆಯ ಒಂದೆರಡು ಕೆಲಸಕ್ಕೆ ಮಾತ್ರ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇದ್ದರೆ ಒಳ್ಳೆಯದು.

ಮೊದಲು ಘಾತಾಂಕ ನೋಡಿ

2ರ ಯಾವುದೋ ಘಾತದಿಂದ 1 ಕಳೆದಾಗ ಸಿಗುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಅನ್ನುತ್ತಾರೆ. ಮರ್ಸೆನ್ 17ನೇ ಶತಮಾನದ ಫ್ರೆಂಚ್ ಪಾದ್ರಿ. ಇಲ್ಲಿ ಮೊದಲ ನಿಯಮ ಇದು: ಘಾತಾಂಕವೇ ಅವಿಭಾಜ್ಯ ಅಲ್ಲದಿದ್ದರೆ ಮುಂದಕ್ಕೆ ಹೋಗಲೇಬೇಡಿ.

ಯಾಕೆ ಅಂತ ದ್ವಿಮಾನ ಪದ್ಧತಿಯಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ, ಬರೆದರೆ ಕಣ್ಣಿಗೇ ಕಾಣುತ್ತದೆ. 2¹⁵ − 1 ಅಂದರೆ ಸಾಲಾಗಿ ಹದಿನೈದು ಒಂದುಗಳು. ಅವನ್ನು ಮೂರು ಮೂರಾಗಿ ಬಿಡಿಸಿ: 111 111 111 111 111. ದ್ವಿಮಾನದ 111 ಅಂದರೆ ನಮ್ಮ 7. ಅದೇ ತುಂಡು ಐದು ಸಲ ಬಂದಿರುವುದರಿಂದ ಇಡೀ ಸಂಖ್ಯೆ 7ರಿಂದ ಭಾಗವಾಗಲೇಬೇಕು. ಐದೈದಾಗಿ ಬಿಡಿಸಿದರೆ 31ರಿಂದಲೂ ಆಗಬೇಕು. ನೋಡಿ ಬೇಕಾದರೆ: 32767 = 7 × 4681, ಹಾಗೇ 31 × 1057. ಮೂವತ್ತೊಂದು ಒಂದುಗಳನ್ನು ಹೀಗೆ ಸಮ ತುಂಡು ಮಾಡಲು ಬರುವುದಿಲ್ಲ. ಹಾಗಾಗಿ 31 ಮೊದಲ ಬಾಗಿಲು ದಾಟುತ್ತದೆ.

ದಾಟಿದ ಮಾತ್ರಕ್ಕೆ ಪಾಸ್ ಅಲ್ಲ. 11 ಕೂಡ ಅವಿಭಾಜ್ಯವೇ, ಆದರೆ 2¹¹ − 1 = 2047 = 23 × 89. ಇದನ್ನು ಮರೆತು ಅವಿಭಾಜ್ಯ ಘಾತಾಂಕ ಸಿಕ್ಕಿದ್ದೆಲ್ಲಾ ಮರ್ಸೆನ್ ಅವಿಭಾಜ್ಯ ಅಂತ ಬರೆದವರು ತುಂಬಾ ಜನ ಇದ್ದಾರೆ. ಸ್ವತಃ ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲೂ 67 ಮತ್ತು 257 ತಪ್ಪಾಗಿ ಸೇರಿಕೊಂಡವು, 61, 89, 107 ಬಿಟ್ಟುಹೋದವು. 31 ಮಾತ್ರ ಸರಿ ಇತ್ತು.

ಎಷ್ಟು ಅಂಕಿ, ಕೊನೆಯದು ಯಾವುದು

ಹತ್ತಂಕಿ ಆದರೆ ಕಣ್ಣಲ್ಲೇ ಎಣಿಸಬಹುದು. ಇದೇ ಜಾತಿಯ ದೊಡ್ಡಣ್ಣ ಒಂದಿದೆ, 2024ರ ಅಕ್ಟೋಬರ್‌ನಲ್ಲಿ ಸಿಕ್ಕಿದ್ದು: 2ರ 136279841ನೇ ಘಾತದಿಂದ 1 ಕಳೆದ ಸಂಖ್ಯೆ. ಅದನ್ನು ಬರೆದು ಎಣಿಸುವ ಮಾತೇ ಇಲ್ಲ. ಅದಕ್ಕೆ ಹೀಗೆ ಮಾಡಿ. ಘಾತಾಂಕವನ್ನು 2ರ ಲಾಗ್‌ನಿಂದ (10ರ ಆಧಾರದ್ದು, 0.30103) ಗುಣಿಸಿ, ದಶಮಾಂಶ ಭಾಗ ಬಿಟ್ಟು, ಒಂದು ಕೂಡಿಸಿ. 31 × 0.30103 = 9.33. ಅಂದರೆ 9 + 1, ಹತ್ತಂಕಿ. ಸರಿ ಬಂತು.

ದೊಡ್ಡಣ್ಣನಿಗೆ ಇದನ್ನೇ ಮಾಡಿದಾಗ ನಾನು ಎಡವಿದೆ. ಶಾಲೆಯಲ್ಲಿ ಬಾಯಿಪಾಠ ಆಗಿದ್ದ 0.30103 ಹಾಕಿ ಗುಣಿಸಿದೆ, 41024320.5 ಬಂತು, ಒಂದು ಕೂಡಿಸಿ 4,10,24,321 ಅಂಕಿ ಅಂತ ಖುಷಿಯಾಗಿ ಬರೆದಿಟ್ಟೆ. ಸರಿಯಾದ ಉತ್ತರ 4,10,24,320. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ತಪ್ಪು ವಿಧಾನದ್ದಲ್ಲ, ಲಾಗ್‌ನದ್ದು. ಹದಿಮೂರು ಕೋಟಿಯಿಂದ ಗುಣಿಸುವಾಗ ಐದನೇ ದಶಮಾಂಶಕ್ಕೆ ದುಂಡಗೆ ಮಾಡಿದ ಲಾಗ್ ಸಾಲುವುದಿಲ್ಲ. 0.30102999566 ಹಾಕಿ, 41024319.945 ಬರುತ್ತದೆ. ಈಗ ಒಂದು ಕೂಡಿಸಿದರೆ ಸರಿ.

ಆ ಬಿಟ್ಟ 0.945 ಕೂಡ ಬಿಸಾಡುವ ವಸ್ತು ಅಲ್ಲ. 10ರ 0.945ನೇ ಘಾತ ಸುಮಾರು 8.8. ಅಂದರೆ ನಾಲ್ಕು ಕೋಟಿ ಚಿಲ್ಲರೆ ಅಂಕಿಯ ಆ ಸಂಖ್ಯೆ 88ರಿಂದ ಶುರುವಾಗುತ್ತದೆ. ಸಂಖ್ಯೆ ನೋಡದೆಯೇ ಗೊತ್ತಾಯಿತು ಅಲ್ವಾ?

ಕೊನೆಯ ಅಂಕಿ ಇನ್ನೂ ಸುಲಭ. 2ರ ಘಾತಗಳ ಕೊನೆಯಂಕಿ 2, 4, 8, 6 ಅಂತ ಸುತ್ತುತ್ತದೆ. ಘಾತಾಂಕವನ್ನು 4ರಿಂದ ಭಾಗಿಸಿ. 31ಕ್ಕೆ ಶೇಷ 3, ಆದ್ದರಿಂದ 8, ಒಂದು ಕಳೆದರೆ 7. ದೊಡ್ಡಣ್ಣನಿಗೆ ಶೇಷ 1, ಆದ್ದರಿಂದ 2, ಒಂದು ಕಳೆದರೆ 1.

ಆಯ್ಲರ್ ಮಾಡಿದ ಹಾಗೆ ಭಾಗಿಸಿ ನೋಡುವುದು

ಈಗ ನಿಜವಾದ ಕೆಲಸ. ಯಾವುದೇ ಸಂಖ್ಯೆ ಅವಿಭಾಜ್ಯವೇ ಅಂತ ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ನಮ್ಮ ಸಂಖ್ಯೆಯ ವರ್ಗಮೂಲ 46340ಕ್ಕಿಂತ ಚೂರು ಜಾಸ್ತಿ. ಅಲ್ಲಿಯವರೆಗೆ ಸುಮಾರು 4,800 ಅವಿಭಾಜ್ಯಗಳಿವೆ. ಒಂದೊಂದಕ್ಕೆ ಎರಡು ನಿಮಿಷ ಅಂದರೂ 160 ಗಂಟೆ. ಬೇಡಪ್ಪಾ.

ಆಯ್ಲರ್ ಎರಡು ಜರಡಿ ಹಿಡಿದ.

ಮೊದಲ ಜರಡಿ. ಯಾವುದೋ ಒಂದು ಅವಿಭಾಜ್ಯ ಭಾಜಕ ಇದೆ ಅಂತ ಇಟ್ಟುಕೊಳ್ಳಿ. 2ರ ಘಾತಗಳನ್ನು ಅದರಿಂದ ಭಾಗಿಸುತ್ತಾ ಹೋದರೆ ಶೇಷಗಳು 31 ಹೆಜ್ಜೆಗೊಮ್ಮೆ ಮತ್ತೆ ಮೊದಲಿಗೆ ಬರುತ್ತವೆ, ಯಾಕೆಂದರೆ 2³¹ಕ್ಕೆ ಶೇಷ 1. ಫರ್ಮಾನ ಚಿಕ್ಕ ಪ್ರಮೇಯದ ಪ್ರಕಾರ ಈ ಸುತ್ತಿನ ಉದ್ದ ಭಾಜಕಕ್ಕಿಂತ ಒಂದು ಕಡಿಮೆಯ ಸಂಖ್ಯೆಯನ್ನು ಭಾಗಿಸಬೇಕು. ಅಂದರೆ ಭಾಜಕದಿಂದ 1 ಕಳೆದರೆ 31ರ ಮಗ್ಗಿಯಲ್ಲಿರಬೇಕು. ಭಾಜಕ ಬೆಸ ಆದ್ದರಿಂದ 1 ಕಳೆದದ್ದು ಸಮ. ಎರಡೂ ಸೇರಿ 62ರ ಮಗ್ಗಿ. ಹಾಗಾಗಿ ಭಾಜಕ ಇದ್ದರೆ ಅದು 62ರ ಮಗ್ಗಿಗೆ 1 ಕೂಡಿಸಿದ ಸಂಖ್ಯೆ. (2047ಕ್ಕೂ ಇದೇ ಕಥೆ: 23 = 22 + 1, 89 = 88 + 1.)

ಎರಡನೇ ಜರಡಿ. 2³¹ಕ್ಕೆ ಶೇಷ 1 ಆದರೆ 2³²ಕ್ಕೆ ಶೇಷ 2. ಆದರೆ 2³² ಅಂದರೆ 65536ರ ವರ್ಗ. ಅಂದರೆ ಶೇಷ ಮಾತ್ರ ಲೆಕ್ಕಕ್ಕೆ ಬರುವ ಆ ಭಾಜಕದ ಲೋಕದಲ್ಲಿ 2 ಅನ್ನುವುದು ಒಂದು ಪೂರ್ಣ ವರ್ಗ! ಹೀಗಾಗಬೇಕಾದರೆ ಭಾಜಕವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಇರಲೇಬೇಕು. ಈ 65536 ಅನ್ನು ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಎರಡೂ ಜರಡಿ ಸೇರಿಸಿದರೆ ಉಳಿಯುವುದು 248ರ ಮಗ್ಗಿಗೆ 1 ಕೂಡಿಸಿದ ಸಂಖ್ಯೆಗಳು, ಇಲ್ಲವೇ 63 ಕೂಡಿಸಿದ ಸಂಖ್ಯೆಗಳು, ಅಷ್ಟೇ. 46340ರ ಒಳಗೆ ಮೊದಲ ಬಗೆಯವು 186. ಎರಡನೆಯ ಬಗೆಯವು 63ರಿಂದಲೇ ಎಣಿಸಿದರೆ 187, ಆದರೆ 63 ಅವಿಭಾಜ್ಯ ಅಲ್ಲ, ಅದನ್ನು ಬಿಟ್ಟರೆ 186. ಒಟ್ಟು 372. ಇವುಗಳಲ್ಲೂ ಹೆಚ್ಚಿನವು ಅವಿಭಾಜ್ಯಗಳಲ್ಲ. ಬರೆಯುತ್ತಾ ಹೋಗಿ: 249 ಮೂರರಿಂದ ಹೋಗುತ್ತದೆ, 311 ಅವಿಭಾಜ್ಯ, 497 ಏಳರಿಂದ ಹೋಗುತ್ತದೆ, 559 = 13 × 43, 745 ಐದರಿಂದ, 807 ಮೂರರಿಂದ, 993 ಮೂರರಿಂದ, 1055 ಐದರಿಂದ, 1241 = 17 × 73, ಆಮೇಲೆ 1303 ಅವಿಭಾಜ್ಯ, 1489 ಅವಿಭಾಜ್ಯ. ಭಾಗಿಸಬೇಕಾದದ್ದು 311, 1303, 1489 ಅಂತ ಬಿಡಿಬಿಡಿಯಾಗಿ ಸಿಗುತ್ತವೆ. 160 ಗಂಟೆ ಎಲ್ಲಿ, ಇದೆಲ್ಲಿ. ಒಂದು ಭಾನುವಾರಕ್ಕೆ ಆಗುವ ಕೆಲಸ.

ಭಾಗಿಸದೆ ಶೇಷ ಹಿಡಿಯುವುದು

ಹತ್ತಂಕಿಯನ್ನು 311ರಿಂದ ನೇರವಾಗಿ ಭಾಗಿಸಲೂ ಬಹುದು. ಆದರೆ ಹೀಗೆ ಮಾಡಿದರೆ ದೊಡ್ಡ ಸಂಖ್ಯೆಯ ಮುಖವನ್ನೇ ನೋಡಬೇಕಾಗಿಲ್ಲ.

2ರಿಂದ ಶುರು ಮಾಡಿ, ವರ್ಗ ಮಾಡುತ್ತಾ ಹೋಗಿ: 4, 16, 256. ಇದು 2⁸. ಮುಂದಿನ ವರ್ಗ 65536, ಅಂದರೆ 2¹⁶. ಅದರಲ್ಲಿ 311 × 210 = 65310 ತೆಗೆದರೆ ಶೇಷ 226. ಈಗ 65536 ಅನ್ನು ಮರೆತು 226 ಅನ್ನೇ ವರ್ಗ ಮಾಡಿ: 51076. ಅದರಲ್ಲಿ 311 × 164 = 51004 ತೆಗೆದರೆ 72. ಇದು 2³²ರ ಶೇಷ. ನಮಗೆ ಬೇಕಿದ್ದು 2³¹, ಹಾಗಾಗಿ ಅರ್ಧ ಮಾಡಿ: 36. ಒಂದು ಕಳೆದರೆ 35. ಸೊನ್ನೆ ಬಂದಿಲ್ಲ, ಆದ್ದರಿಂದ 311 ಭಾಜಕ ಅಲ್ಲ. ನಂಬಿಕೆ ಬರದಿದ್ದರೆ ಕ್ಯಾಲ್ಕುಲೇಟರ್‌ನಲ್ಲಿ 311 × 6905092 ಮಾಡಿ, 2147483612 ಬರುತ್ತದೆ, ನಮ್ಮ ಸಂಖ್ಯೆಗೆ 35 ಕಡಿಮೆ.

ಇದೇ ದಾರಿಯಲ್ಲಿ 1303 ನೀವೇ ಮಾಡಿ, ಶೇಷ 226 ಬರಬೇಕು (ಮೇಲೆ ನಡುವೆ ಬಂದ 226ಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಾಕತಾಳೀಯ). 1489ಕ್ಕೆ 199. ಒಂದು ಎಚ್ಚರಿಕೆ: 2³²ರ ಶೇಷ ಬೆಸ ಸಂಖ್ಯೆ ಬಂದರೆ ಅರ್ಧ ಮಾಡುವುದು ಹೇಗೆ ಅಂತ ಗಾಬರಿ ಬೇಡ, ಭಾಜಕವನ್ನು ಒಂದು ಸಲ ಕೂಡಿಸಿ, ಸಮ ಆಗುತ್ತದೆ, ಆಮೇಲೆ ಅರ್ಧ ಮಾಡಿ.

ಹೀಗೆ ವರ್ಗ ಮಾಡುತ್ತಾ ದೊಡ್ಡ ಘಾತಕ್ಕೆ ಹಾರುವ ಉಪಾಯ ನಮ್ಮ ಛಂದಸ್ಸಿನವರಿಗೆ ಹಳೆಯದು. ಹೈಸ್ಕೂಲಿನಲ್ಲಿ ಲಘು ಗುರು ಹಾಕಿದ್ದು ನೆನಪಿದೆಯಲ್ಲ? ಇಷ್ಟು ಅಕ್ಷರದ ಸಾಲಿಗೆ ಒಟ್ಟು ಎಷ್ಟು ಲಘು-ಗುರು ಜೋಡಣೆ ಸಾಧ್ಯ ಅಂದರೆ ಉತ್ತರ 2ರ ಘಾತ. ಅದನ್ನು ಒಂದೊಂದಾಗಿ ದುಪ್ಪಟ್ಟು ಮಾಡದೆ, ಸಮ ಬಂದರೆ ಅರ್ಧ ಮಾಡಿ ವರ್ಗ, ಬೆಸ ಬಂದರೆ ಒಂದು ಕಳೆದು ದುಪ್ಪಟ್ಟು ಅಂತ ಪಿಂಗಳ ಸೂತ್ರದಲ್ಲೇ ಹೇಳಿದ್ದಾನೆ. ಕಂಪ್ಯೂಟರ್ ಇವತ್ತು ಮಾಡುವುದೂ ಅದನ್ನೇ.

ಭಾಜಕ ಹುಡುಕದೆ ತೀರ್ಪು: ಲ್ಯೂಕಾಸ್ ಪರೀಕ್ಷೆ

ಆಯ್ಲರ್ ದಾರಿ 31ಕ್ಕೆ ಸರಿ. 127ಕ್ಕೆ ನಡೆಯುವುದಿಲ್ಲ, 2¹²⁷ − 1 ಅಂದರೆ 39 ಅಂಕಿ. 1876ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾಸ್ ಅದನ್ನು ಕೈಯಲ್ಲೇ ಸಾಧಿಸಿದ, ಬೇರೆ ಉಪಾಯದಿಂದ. ಆಮೇಲೆ ಲೆಹ್ಮರ್ ಅನ್ನುವ ಗಣಿತಜ್ಞ ಆ ಉಪಾಯವನ್ನು ಸರಳ ಮಾಡಿದ. ನನ್ನ ಪ್ರಕಾರ ಗಣಿತದಲ್ಲಿ ಇಷ್ಟು ಚಿಕ್ಕ ಪಾಕವಿಧಾನಕ್ಕೆ ಇಷ್ಟು ದೊಡ್ಡ ಫಲ ಸಿಗುವುದು ಅಪರೂಪ.

4ರಿಂದ ಶುರು. ವರ್ಗ ಮಾಡಿ, 2 ಕಳೆಯಿರಿ, ನಿಮ್ಮ ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಇದನ್ನೇ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಮುಗೀತು.

ಘಾತಾಂಕ 7, ಸಂಖ್ಯೆ 127 ಇಟ್ಟುಕೊಂಡು ಮಾಡೋಣ, ಐದು ಸಲ ಮಾಡಬೇಕು. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194, ಶೇಷ 67. 67ರಿಂದ 4487, ಶೇಷ 42. 42ರಿಂದ 1762, ಶೇಷ 111. 111ರಿಂದ 12319, ಅದು ಸರಿಯಾಗಿ 127 × 97, ಶೇಷ ಸೊನ್ನೆ. 127 ಪಾಸ್. ಘಾತಾಂಕ 11ಕ್ಕೆ ಇದನ್ನೇ ಒಂಬತ್ತು ಸಲ ಮಾಡಿದರೆ ಕೊನೆಗೆ 1736 ಬರುತ್ತದೆ. 2047 ಫೇಲ್.

ಎಣಿಕೆಯಲ್ಲಿ ಹುಷಾರು. ಒಂದು ಸಲ ಜಾಸ್ತಿ ಮಾಡಿದರೆ ಸೊನ್ನೆ ದಾಟಿ −2 ಬರುತ್ತದೆ, ಆಮೇಲೆ 2, 2, 2 ಅಂತ ಅಲ್ಲೇ ಕೂತುಬಿಡುತ್ತದೆ. ನಿಮ್ಮ ಪ್ರೋಗ್ರಾಮ್ ಕೊನೆಗೆ 2 ತೋರಿಸಿದರೆ ಮೊದಲು ಎಣಿಕೆ ನೋಡಿ, ಆಮೇಲೆ ಬೇರೆಯದು.

31ಕ್ಕೆ 29 ಸಲ ಮಾಡಬೇಕು. 4, 14, 194, 37634, 1416317954. ಇಲ್ಲಿಯವರೆಗೆ ಭಾಗಾಕಾರವೇ ಇಲ್ಲ. ಮುಂದಿನ ವರ್ಗ 19 ಅಂಕಿ, ಅಂಗಡಿ ಕ್ಯಾಲ್ಕುಲೇಟರ್ ಇಲ್ಲಿ ಕೈ ಎತ್ತುತ್ತದೆ. ಪೈಥಾನ್ ಎಷ್ಟು ದೊಡ್ಡ ಪೂರ್ಣಾಂಕ ಕೊಟ್ಟರೂ ಲೆಕ್ಕ ಮಾಡುತ್ತದೆ, ಮೂರು ಸಾಲಿನ ಲೂಪ್ ಸಾಕು. ಆರನೆಯದಾಗಿ 669670838 ಬಂದರೆ ಸರಿಯಾದ ದಾರಿಯಲ್ಲಿದ್ದೀರಿ. ಕೊನೆಯ ಸೊನ್ನೆಗೆ ಹಿಂದಿನದನ್ನೂ ಪರದೆಗೆ ತರಿಸಿ. ಅಲ್ಲಿ ಬರಬಹುದಾದದ್ದು ಎರಡೇ: 65536, ಇಲ್ಲವೇ ನಮ್ಮ ಸಂಖ್ಯೆಗಿಂತ 65536 ಕಡಿಮೆ. ಮೂಲೆಯಲ್ಲಿ ಬರೆದಿಟ್ಟಿದ್ದು ಇದೇ ಅಲ್ವಾ! ಅದರ ವರ್ಗದ ಶೇಷ 2, ಎರಡು ಕಳೆದರೆ ಸೊನ್ನೆ. 127ರಲ್ಲೂ ಕೊನೆಗೆ ಮುಂಚೆ 111 ಬಂದಿತ್ತಲ್ಲ, ಅದು 127 − 16.

ಈ ಪರೀಕ್ಷೆಗೆ ಒಂದು ಕೊರತೆ ಇದೆ. ಫೇಲ್ ಅಂತ ಹೇಳುತ್ತದೆ, ಭಾಜಕ ಯಾವುದು ಅಂತ ಬಾಯಿ ಬಿಡುವುದಿಲ್ಲ. 2⁶⁷ − 1 ಅವಿಭಾಜ್ಯ ಅಲ್ಲ ಅಂತ ಲ್ಯೂಕಾಸ್ ಆಗಲೇ ತೋರಿಸಿದ್ದ, ಆದರೆ ಭಾಜಕಗಳು ಗೊತ್ತಾಗಿದ್ದು 1903ರಲ್ಲಿ. ಅಮೆರಿಕದ ಗಣಿತಜ್ಞ ಕೋಲ್ ಒಂದು ಸಭೆಯಲ್ಲಿ ಎದ್ದು ಬೋರ್ಡಿನ ಮೇಲೆ 193707721 × 761838257287 ಗುಣಿಸಿ ತೋರಿಸಿ, ಒಂದೂ ಮಾತಾಡದೆ ಹೋಗಿ ಕೂತ ಅಂತ ಹೇಳುತ್ತಾರೆ.

ಭಾಗಾಕಾರ ಬೇಡ, ಮಡಚಿದರೆ ಸಾಕು

9ರಿಂದ ಶೇಷ ಬೇಕಾದಾಗ ನಾವು ಭಾಗಿಸುವುದಿಲ್ಲ, ಅಂಕಿ ಕೂಡಿಸುತ್ತೇವೆ. 57ಕ್ಕೆ 5 + 7 = 12, 1 + 2 = 3. ಇದು ನಡೆಯುವುದು 9 ಅಂದರೆ 10 − 1 ಆದ್ದರಿಂದ. ನಮ್ಮ ಸಂಖ್ಯೆ 2³¹ − 1. ಹಾಗಾದರೆ ಇಲ್ಲೂ ಅದೇ ಆಟ ನಡೆಯಬೇಕು. ಸಂಖ್ಯೆಯನ್ನು 2³¹ರ ಕಡೆಯಿಂದ ಎರಡು ತುಂಡು ಮಾಡಿ, ಎರಡನ್ನೂ ಕೂಡಿಸಿ.

ಉದಾಹರಣೆಗೆ 4747561509943 ತೆಗೆದುಕೊಳ್ಳಿ. 2147483648ರಿಂದ ಭಾಗಿಸಿದರೆ ಭಾಗಲಬ್ಧ 2210, ಶೇಷ 1622647863. ಎರಡನ್ನೂ ಕೂಡಿಸಿ: 1622650073. ಇದೇ 2147483647ರಿಂದ ಭಾಗಿಸಿದಾಗಿನ ಶೇಷ. ನಮಗೆ ಕೈಯಲ್ಲಿ ಇದರಿಂದ ಲಾಭ ಅಷ್ಟಕ್ಕಷ್ಟೇ. ಆದರೆ ಕಂಪ್ಯೂಟರ್ ಬರೆದುಕೊಳ್ಳುವುದೇ ದ್ವಿಮಾನದಲ್ಲಿ, 2³¹ರಿಂದ ಭಾಗಿಸುವುದು ಅಂದರೆ ಅದಕ್ಕೆ ಸಾಲನ್ನು ಒಂದು ಕಡೆ ಕತ್ತರಿಸಿದ ಹಾಗೆ. ಅತಿ ದೊಡ್ಡ ಅವಿಭಾಜ್ಯ ಸಿಕ್ಕಿತು ಅನ್ನುವ ಸುದ್ದಿಯಲ್ಲಿ ಬಹುತೇಕ ಪ್ರತಿ ಸಲ ಮರ್ಸೆನ್ ಸಂಖ್ಯೆಗಳೇ ಕಾಣಿಸಿಕೊಳ್ಳುವುದಕ್ಕೆ ಈ ಕತ್ತರಿಸಿ ಕೂಡಿಸುವ ಸೌಕರ್ಯ, ಆ ಲ್ಯೂಕಾಸ್ ಪರೀಕ್ಷೆ, ಇವೆರಡೇ ಮುಖ್ಯ ಕಾರಣ.

ಪಾಸಾದ ಮೇಲೆ ಏನು ಮಾಡಬಹುದು

ಒಂದು, ಪರಿಪೂರ್ಣ ಸಂಖ್ಯೆ ಮಾಡಬಹುದು. 7ನ್ನು 4ರಿಂದ ಗುಣಿಸಿದರೆ 28, ಅದನ್ನು ಬಿಟ್ಟು ಉಳಿದ ಅದರ ಭಾಜಕಗಳು 1 + 2 + 4 + 7 + 14 ಕೂಡಿಸಿದರೂ 28. ಯೂಕ್ಲಿಡ್ ಕಾಲದಿಂದ ಗೊತ್ತಿರುವ ವಿಷಯ. ನಮ್ಮ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ 2305843008139952128, ಎಂಟನೇ ಪರಿಪೂರ್ಣ ಸಂಖ್ಯೆ. 1811ರಲ್ಲಿ ಪೀಟರ್ ಬಾರ್ಲೋ ಅನ್ನುವ ಇಂಗ್ಲಿಷ್ ಗಣಿತಜ್ಞ ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಬಹುಶಃ ಯಾವತ್ತೂ ಸಿಗಲಾರದು, ಉಪಯೋಗವಿಲ್ಲದ್ದನ್ನು ಯಾರು ಹುಡುಕುತ್ತಾರೆ ಅಂತ ಬರೆದ. ಪಾಪ. 2147483647 ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಅನ್ನುವ ಪಟ್ಟವನ್ನೇ 19ನೇ ಶತಮಾನದಲ್ಲೇ ಬಿಟ್ಟುಕೊಟ್ಟಿತು.

ಇನ್ನು ಕಂಪ್ಯೂಟರಿನವರಿಗೆ ಈ ಸಂಖ್ಯೆ ಬೇರೆ ಕಾರಣಕ್ಕೆ ಪರಿಚಯ. 32 ಬಿಟ್‌ನಲ್ಲಿ, ಅಂದರೆ ದ್ವಿಮಾನದ 32 ಅಂಕಿಗಳಲ್ಲಿ, ಚಿಹ್ನೆ ಸಮೇತ ಬರೆಯಬಹುದಾದ ಅತಿ ದೊಡ್ಡ ಪೂರ್ಣಾಂಕ ಇದು. 1970ರಿಂದ ಸೆಕೆಂಡ್ ಎಣಿಸುವ ಹಳೆಯ ಕಂಪ್ಯೂಟರ್ ಗಡಿಯಾರಗಳು 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಇಲ್ಲಿಗೆ ಬಂದು ನಿಲ್ಲುತ್ತವೆ. ಇದಕ್ಕೂ ಅವಿಭಾಜ್ಯತೆಗೂ ಸಂಬಂಧ ಇಲ್ಲ. 2³¹ ಆಗಿದ್ದಕ್ಕೆ ಆಗುವ ತೊಂದರೆ ಅದು, ಸುಮ್ನೆ ಎರಡನ್ನೂ ಗಂಟು ಹಾಕಬೇಡಿ.

ಅವಿಭಾಜ್ಯ ಆಗಿರುವುದೇ ನಿಜವಾಗಿ ಕೆಲಸಕ್ಕೆ ಬರುವ ಜಾಗ ಬೇರೆ, ಅದನ್ನು ಕೈಯಾರೆ ನೋಡಬಹುದು. 1ರಿಂದ ಶುರು ಮಾಡಿ, 16807ರಿಂದ ಗುಣಿಸಿ, 2147483647ರಿಂದ ಭಾಗಿಸಿದ ಶೇಷ ಇಟ್ಟುಕೊಳ್ಳಿ, ಮತ್ತೆ ಗುಣಿಸಿ. 16807, 282475249, ಆಮೇಲೆ 1622650073. ಮೇಲೆ ಮಡಚಿದ್ದು ಇದನ್ನೇ. ಹೀಗೆ ಹೋಗುತ್ತಾ 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯೂ ಒಂದೇ ಒಂದು ಸಲ ಬಂದು, ಆಮೇಲೆಯೇ ಮತ್ತೆ 1 ಬರುತ್ತದೆ. ನಡುವೆ ಯಾವುದೂ ಮರುಕಳಿಸುವುದಿಲ್ಲ, ಸೊನ್ನೆ ಬರುವುದೇ ಇಲ್ಲ. ಸಂಖ್ಯೆ ಅವಿಭಾಜ್ಯ ಅಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ. 16807 ಅಂದರೆ 7⁵. 2147483646 ಅನ್ನು ಅಪವರ್ತಿಸಿದರೆ 2 × 3 × 3 × 7 × 11 × 31 × 151 × 331. ಇದರಲ್ಲಿ 5 ಇಲ್ಲ ನೋಡಿ. 7ರ ಘಾತಗಳು ಇಡೀ ಸುತ್ತು ಹೊಡೆಯುತ್ತವೆ, ಪಟ್ಟಿಯಲ್ಲಿ 5 ಇಲ್ಲದಿರುವುದರಿಂದ ಐದೈದು ಹೆಜ್ಜೆ ಹಾರಿದರೂ ಯಾವುದೂ ಬಿಟ್ಟುಹೋಗುವುದಿಲ್ಲ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಇದನ್ನೇ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಕನಿಷ್ಠ ಗುಣಮಟ್ಟದ ವಿಧಾನ ಅಂತ ಸೂಚಿಸಿದರು. ಗುಟ್ಟು ಕಾಪಾಡುವ ಕೆಲಸಕ್ಕೆ ಮಾತ್ರ ಇದನ್ನು ಬಳಸಬೇಡಿ, ಒಂದು ಸಂಖ್ಯೆ ಗೊತ್ತಾದರೆ ಮುಂದಿನದೆಲ್ಲಾ ಗೊತ್ತಾದಂತೆ.

ನೀವು ಬರೆದ ಪ್ರೋಗ್ರಾಮ್ ಸರಿ ಇದೆಯೇ ಅಂತ ನೋಡಲು ಅವರೇ ಒಂದು ಗುರುತು ಕೊಟ್ಟಿದ್ದಾರೆ. 1ರಿಂದ ಶುರು ಮಾಡಿ ಹತ್ತು ಸಾವಿರ ಸಲ ಗುಣಿಸಿದ ಮೇಲೆ 1043618065 ಬರಬೇಕು. ನಡುವೆ ಎಲ್ಲಾದರೂ ಋಣ ಸಂಖ್ಯೆ ಕಂಡರೆ ನಿಮ್ಮ ಗುಣಾಕಾರ 32 ಬಿಟ್‌ನಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ, 64 ಬಿಟ್‌ಗೆ ಬದಲಿಸಿ ಮತ್ತೆ ಓಡಿಸಿ.